ಮೂರು ಮಾಲೆಯ ಹದ

ಶುಕ್ರವಾರ, ಬೆಳಗ್ಗೆ ಹತ್ತು ಗಂಟೆ
ತಂಗಿಯ ಮನೆ, ನಾಲ್ಕನೇ ಮಹಡಿ

ಯಜಮಾನರಿಗೆ ನಿಮ್ಮ ಮನೆಯವಳ ನಮಸ್ಕಾರಗಳು.

ದೇವರು ನನ್ನನ್ನು ಇಲ್ಲಿ ಚೆನ್ನಾಗಿಟ್ಟಿದ್ದಾನೆ, ನಿಮ್ಮನ್ನೂ ಅಲ್ಲಿ ಚೆನ್ನಾಗಿಟ್ಟಿರಲಿ. ಬಂದು ಇಪ್ಪತ್ತು ದಿನವಾದರೂ ಒಂದು ಕಾಗದ ಹಾಕಲಿಲ್ಲ ಅಂತ ಬೈದುಕೊಂಡಿರುತ್ತೀರಿ. ಬೈದದ್ದು ಸರಿ, ತಪ್ಪು ನನ್ನದೇ. ಫೋನಿದೆಯಲ್ಲ, ಕಾಗದ ಯಾಕೆ ಅಂತಲೂ ಕೇಳುತ್ತೀರಿ. ಫೋನಿನಲ್ಲಿ ನಾನು ಎರಡು ಮಾತು ಮುಗಿಸುವುದರೊಳಗೆ "ಗಿರಾಕಿ ಬಂದ್ರು, ಇಡ್ತೀನಿ" ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸುವುದಕ್ಕೆ ಬರುವುದಿಲ್ಲ. ತಂಗಿಯ ಆಸ್ಪತ್ರೆಯ ಇನ್ನೊಬ್ಬ ನರ್ಸಮ್ಮ ರಜಕ್ಕೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತಿದ್ದೇನೆ. ನನ್ನದು ಏಳನೇ ಕ್ಲಾಸಿನ ಅಕ್ಷರ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾತು ಖಾರವಾಗಿದ್ದರೆ ಹಾಕಿಕೊಳ್ಳಬೇಡಿ, ಅದು ಬೇಕಂತಲೇ ಬರೆದದ್ದು.

ಮೊನ್ನೆ ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲೇ ಇದೆ. "ಕಾಫಿ ಬೀಜ ಹುರಿಯೋ ಅಳತೆ ಸರಿಯಾಗಿ ಬರೆದು ಕಳಿಸು, ಇನ್ಮೇಲೆ ನಾನೂ ತಮ್ಮನೂ ನೋಡ್ಕೋತೀವಿ, ನೀನು ಬಂದ್ಮೇಲೆ ಆರಾಮಾಗಿ ಮನೇಲಿರು" ಅಂದಿರಿ. ಇಪ್ಪತ್ತೆಂಟು ವರ್ಷದಲ್ಲಿ ನಿಮ್ಮ ಬಾಯಿಂದ ಆರಾಮ ಅನ್ನುವ ಮಾತು ಕೇಳಿದ್ದು ಅದೇ ಮೊದಲು, ಅದಕ್ಕೇ ನನಗೆ ಅನುಮಾನ ಬಂತು. ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ಇಲ್ಲಿ ನಾನು ಏನು ಮಾಡಿದೆ ಅನ್ನುವುದನ್ನು ಕೇಳಿ. ಅದು ಗೊತ್ತಾಗದೆ ಉತ್ತರ ಗೊತ್ತಾಗುವುದಿಲ್ಲ.

ತಂಗಿ ಚೆನ್ನಾಗಿದ್ದಾಳೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಲ್ಲಿ ತುಳಸಿ. ಬೆಳಗ್ಗೆ ಆರಕ್ಕೆ ಆಸ್ಪತ್ರೆಗೆ ಹೋದರೆ ಬರುವುದು ಸಂಜೆಗೇ. ಬಂದ ಮೊದಲ ದಿನ ಅವಳು ಬಾಟಲಿಯ ಪುಡಿಗೆ ಬಿಸಿನೀರು ಹುಯ್ದು ನನ್ನ ಮುಂದಿಟ್ಟಳು. ಒಂದು ಗುಟುಕು ಕುಡಿದು, ಏನೇ ಇದು, ಲೋಟ ತೊಳೆದ ನೀರಾ ಅಂದೆ. ಅವಳು ನಕ್ಕು, "ಅಕ್ಕ, ಇಲ್ಲಿ ಬೀದಿಗೆ ನಾಲ್ಕು ಕಾಫಿ ಅಂಗಡಿ ಇದಾವೆ, ಹೋಗಿ ಹುಡುಕ್ಕೋ" ಅಂದಳು. ಹೇಳಿದ್ದು ತಮಾಷೆಗೆ. ನಾನು ಮಾರನೆಯ ದಿನವೇ ಪೂಜೆ ಮುಗಿಸಿ ಹೊರಟೆ.

ಭಾಷೆ ಬಾರದವಳು ಹೇಗೆ ಹೋದೆ ಅಂತೀರಾ? ತಂಗಿ ಈ ಊರಿನ ಅಕ್ಷರದಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಾಳೆ: "ಸಕ್ಕರೆ ಬೇಡ, ಹಾಲು ಸ್ವಲ್ಪ, ಬಿಸಿ ಜಾಸ್ತಿ." ಅದನ್ನು ತೋರಿಸುವುದು, ಕಾಫಿ ಅನ್ನುವುದು. ಕಾಫಿ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ದಾರಿ ತಪ್ಪಬಾರದು ಅಂತ ತಿರುವು ಬಂದಾಗಲೆಲ್ಲ ಸೆರಗಿಗೆ ಒಂದು ಗಂಟು ಹಾಕುತ್ತಿದ್ದೆ. ವಾಪಸು ಬರುವಾಗ ಒಂದೊಂದೇ ಬಿಚ್ಚುವುದು. ಒಂದು ದಿನ ಒಂಬತ್ತು ಗಂಟು ಬಿದ್ದವು.

ಮೊದಲ ಅಂಗಡಿ ಪೂರಾ ಗಾಜು. ಕುರ್ಚಿ ಎಷ್ಟು ಎತ್ತರ ಅಂದರೆ ಹತ್ತಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಗೂಡಂಗಡಿಯಲ್ಲಿ ನೇತುಹಾಕಿದ ಬಾಳೆಗೊನೆಯ ಹಾಗೆ ಕೂತಿದ್ದೆ. ಕಾಫಿ ಒಂದು ಚೊಂಬಿನಷ್ಟು, ಬೀಜ ಪೂರಾ ಸೀದದ್ದು. ಎರಡನೆಯದರಲ್ಲಿ ಒಬ್ಬ ಮೀಸೆಯವನು ಐದು ನಿಮಿಷ ಬಗ್ಗಿ ನೊರೆಯ ಮೇಲೆ ಎಲೆಯ ಚಿತ್ರ ಬರೆದ. ಎಲೆ ಚಂದವೇ, ಕೆಳಗಿದ್ದದ್ದು ಮಾತ್ರ ಹಸಿ ಬೀಜದ ಒಗರು. ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ನನ್ನ ಕೈಯ ಜಪಮಾಲೆ ನೋಡಿ ಪಕ್ಕದ ಹೆಂಗಸೊಬ್ಬಳು ಎದ್ದು ಬೇರೆ ಕಡೆ ಕೂತಳು. ಕೂರಲಿ, ನನಗೆ ಕಾಲು ಚಾಚುವುದಕ್ಕೆ ಜಾಗವಾಯಿತು.

ಆದರೆ ಒಂದು ಮಾತು. ಅಷ್ಟೂ ಅಂಗಡಿಗಳಲ್ಲಿ ನಾನು ಮುಂದಿನ ಬಾಗಿಲಿಂದ ಒಳಗೆ ಹೋದೆ, ಮೇಜಿನ ಮುಂದೆ ಕೂತೆ, ಯಾರೋ ತಂದುಕೊಟ್ಟದ್ದನ್ನು ಕುಡಿದೆ. ನಮ್ಮ ಅಂಗಡಿಯಲ್ಲಿ ಆರು ಮೇಜಿವೆ. ಅವನ್ನು ದಿನಾ ಒರೆಸಿದ್ದೇನೆ, ಒಂದರ ಮುಂದೂ ಕೂತಿಲ್ಲ. ನನ್ನ ಜಾಗ ಹಿಂದಿನ ಕೋಣೆ, ಮೂಟೆಗಳ ಪಕ್ಕ, ಬಾಣಲೆಯ ಮುಂದೆ. ಹೊರಗೆ ಬಾಗಿಲ ಮೇಲೆ ಬೋರ್ಡು: "ಅಪ್ಪ ಮಗ ಕೈಯಾರೆ ಹುರಿದ ಕಾಫಿ." ಮಾವನವರು ದೇವರ ಪಾದ ಸೇರಿ ಹನ್ನೆರಡು ವರ್ಷವಾಯಿತು. ಅವರು ಬಾಣಲೆ ಮುಟ್ಟಿದ್ದು ನಾನು ನೋಡಿಲ್ಲ, ನೀವು ಮುಟ್ಟಿದ್ದು ಹೋದ ವಾರವೇ ಮೊದಲು. ಗಿರಾಕಿ ಮೇಷ್ಟ್ರು ದಿನಾ "ಏನು ಕೈಹದ ಯಜಮಾನರದ್ದು!" ಅನ್ನುತ್ತಾರೆ. ಗೋಡೆಯ ಈ ಕಡೆ ನನಗೆ ಕೇಳಿಸುತ್ತದೆ. ನೀವು ಏನೂ ಹೇಳದೆ ನಗುವುದೂ ಕೇಳಿಸುತ್ತದೆ.

ಈಗ ಹೋದ ವಾರದ ವಿಷಯ. ನಾನು ಹುರಿದಿಟ್ಟು ಬಂದದ್ದು ಮುಗಿಯಿತು ಅಂತ ಫೋನು ಮಾಡಿ ಕೇಳಿದಿರಿ, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: ಸಣ್ಣ ಉರಿ, ಕೈ ನಿಲ್ಲಿಸಬಾರದು, ಬೀಜ ಹಾಕಿದ ಕ್ಷಣದಿಂದ ಮೂರು ಮಾಲೆ ಜಪ, ಮೂರನೆಯದು ಮುಗಿಯುತ್ತಿದ್ದ ಹಾಗೆ ಇಳಿಸಿ. ಅಳತೆ ಅಂದರೆ ಅಷ್ಟೇ. ಆ ಕೋಣೆಯಲ್ಲಿ ಗಡಿಯಾರ ಇಲ್ಲ, ನಾನು ಕೇಳಲೂ ಇಲ್ಲ. ಒಂದು ಉಸಿರಿಗೆ ಒಂದು ನಾಮ, ಒಂದು ನಾಮಕ್ಕೆ ಬಾಣಲೆಯಲ್ಲಿ ಒಂದು ಸುತ್ತು. ನಿಮ್ಮ ಜಪ ನನಗೆ ಗೊತ್ತಿಲ್ಲವೇ? ಕೊನೇ ಬಸ್ಸಿಗೆ ಓಡುವವರ ಹಾಗೆ. ನನ್ನ ಒಂದು ಮಾಲೆಯಲ್ಲಿ ನಿಮ್ಮ ಮೂರು ಮುಗಿದುಹೋಗುತ್ತವೆ. ಬೀಜ ಹಸಿಯಾಗಿಯೇ ಇಳಿಯಿತು, ಹುಲ್ಲು ಬೇಯಿಸಿದ ನೀರಿನಂಥ ಕಾಫಿ ಆಯಿತು. ಆಮೇಲೆ ಮೈದುನ "ನಂಗೆ ಬಿಡಣ್ಣ" ಅಂತ ಕೂತು, ಎರಡನೇ ಮಾಲೆಯಲ್ಲಿ ಆಕಳಿಸಿ, ಮೂರನೆಯದರಲ್ಲಿ ತೂಕಡಿಸಿ, ಬಾಣಲೆ ತುಂಬ ಇದ್ದಿಲು ಮಾಡಿದ. ದೇವರ ಹೆಸರಿನಲ್ಲಿ ಅಣ್ಣತಮ್ಮ ಎರಡು ಬಾಣಲೆ ಬೀಜಕ್ಕೆ ಮೋಕ್ಷ ಕೊಟ್ಟಿರಿ. ಮೈದುನ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ನಗಬಾರದು ಅಂತ ಬಾಯಿಗೆ ಸೆರಗು ಹಿಡಿದುಕೊಂಡೆ, ನಿಜ. ಮೇಷ್ಟ್ರು ಲೋಟ ಅರ್ಧಕ್ಕೇ ಬಿಟ್ಟು "ಯಜಮಾನರೇ, ಕೈಗೆ ಏನಾಯ್ತು?" ಅಂದರಂತೆ. ನಿಮಗೆ ಉರಿದದ್ದು ಅದಕ್ಕೆ, ಅಲ್ಲವೇ? ಅದಕ್ಕೇ ಈಗ ನಿಮಿಷದ ಲೆಕ್ಕದಲ್ಲಿ ಬರೆದು ಕಳಿಸಬೇಕು, ಬೋರ್ಡು ಸುಳ್ಳಾಗಬಾರದು.

ಈಗ ಐದನೆಯ ಅಂಗಡಿ. ಅಂಚೆ ಕಚೇರಿಯ ಹಿಂದೆ ಒಂದು ಸಂದಿ, ಅದರಲ್ಲಿ ಒಂದೇ ಬಾಗಿಲು. ಘಮ ಮೂಗಿಗೆ ಬಡಿದಾಗ ನನ್ನ ಸೆರಗಿನಲ್ಲಿ ಏಳು ಗಂಟಿದ್ದವು. ಒಳಗೆ ನೋಡಿದರೆ ಕಿಟಕಿಯ ಮುಂದೆಯೇ, ಬೀದಿಯಲ್ಲಿ ಹೋಗುವವರೆಲ್ಲ ಕಾಣುವ ಹಾಗೆ, ಅರವತ್ತು ದಾಟಿದ ಒಬ್ಬಳು ಬೆಳ್ಳಿಕೂದಲಿನವಳು ಬೀಜ ಹುರಿಯುತ್ತಿದ್ದಾಳೆ. ಅವಳ ಗಂಡ ಹಿಂದೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಲೋಟ ತೊಳೆಯುತ್ತಿದ್ದಾನೆ. ನಾನು ಚೀಟಿ ತೋರಿಸುವುದನ್ನೇ ಮರೆತು ಕೂತುಬಿಟ್ಟೆ.

ಅವಳು ಹೊಸ ಬೀಜ ಸುರಿದಳು. ನನ್ನ ಬೆರಳು ತಾನಾಗಿ ಮಾಲೆ ಹಿಡಿಯಿತು. ಒಂದು ಮಾಲೆ, ಬೀಜ ಹಳದಿಯಾಯಿತು. ಎರಡು ಮಾಲೆ, ಚಟಪಟ ಶುರುವಾಯಿತು. ಮೂರನೆಯದರ ಕೊನೆಯ ಮಣಿಗೆ ನಾನು ಗಟ್ಟಿಯಾಗಿ "ಸಾಕು" ಅಂದೆ, ಆ ಹೊತ್ತಿಗೇ ಅವಳು ಬಾಣಲೆ ಇಳಿಸಿದಳು. ತಿರುಗಿ ನನ್ನನ್ನು ನೋಡಿದಳು. ನಾನು ಮಾಲೆ ಎತ್ತಿ ತೋರಿಸಿದೆ. ಅವಳು ತನ್ನ ಗಂಟಲು ಮುಟ್ಟಿಕೊಂಡು ಏನೋ ಹಾಡು ಗುನುಗಿ ತೋರಿಸಿದಳು. ಅವಳು ಹಾಡಿನಲ್ಲಿ ಎಣಿಸುತ್ತಾಳೆ! ಇಬ್ಬರೂ ನಕ್ಕೆವು ನೋಡಿ, ಎಷ್ಟೋ ವರ್ಷದ ಗೆಳತಿಯರ ಹಾಗೆ.

ಮಾರನೆಯ ದಿನ ಹೋದಾಗ ಸೌಟು ನನ್ನ ಕೈಗೆ ಕೊಟ್ಟಳು. ಕಿಟಕಿಯ ಮುಂದೆ ನಿಂತು ಹುರಿದೆ. ಬೀದಿಯವರು ನಿಂತು ನೋಡಿದರು, ನೋಡಲಿ ಅಂತ ನಾನೂ ತಲೆ ತಗ್ಗಿಸಲಿಲ್ಲ. ಆ ಬೀಜದ ಕಾಫಿಯನ್ನು ಪೇಪರು ಓದುತ್ತಿದ್ದ ಒಬ್ಬ ಮುದುಕಪ್ಪ ಕುಡಿದ. ಪೇಪರು ಕೆಳಗಿಟ್ಟ. ಇನ್ನೊಂದು ಗುಟುಕು ಕುಡಿದು ಬೆಳ್ಳಿಕೂದಲಿನವಳಿಗೆ ಏನೋ ಕೇಳಿದ. ಅವಳು ಸೌಟು ಎತ್ತಿ ಸೀದಾ ನನ್ನ ಕಡೆ ತೋರಿಸಿದಳು.

ಅಷ್ಟೇ. ಸೌಟು ತೋರಿಸಿದಳು. ಅದಕ್ಕೆ ಭಾಷೆ ಬೇಕಾಗಲಿಲ್ಲ.

ಆಮೇಲೆ ಅವಳ ಗಂಡ ಒಂದು ಲೋಟ ಕಾಫಿ ತಂದು ನನ್ನ ಮೇಜಿನ ಮೇಲಿಟ್ಟ. ಗಂಡಸರು ಕಾಫಿ ತಂದರೆ ಏನು ಮಾಡಬೇಕು ಅಂತ ಗೊತ್ತಾಗದೆ ಎದ್ದು ನಿಂತೆ. ಅವಳು ಬಂದು ಹೆಗಲು ಹಿಡಿದು ಕೂರಿಸಿದಳು. ನಾನು ಹುರಿದದ್ದನ್ನು ನಾನೇ ಕೂತು ಕುಡಿದೆ. ಚೆನ್ನಾಗಿತ್ತು ಕಣ್ರೀ. ನಾನು ಇಷ್ಟು ಚೆನ್ನಾಗಿ ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ದಿನಾ ತಳದಲ್ಲಿ ಉಳಿದು ಆರಿದ್ದನ್ನು ನಿಂತೇ ಕುಡಿದವಳಿಗೆ ಹೇಗೆ ಗೊತ್ತಾಗಬೇಕು?

ತಂಗಿ, ಇಲ್ಲೇ ಇದ್ದುಬಿಡು ಅಂತ ಎರಡು ಸಲ ಅಂದಳು. ಇಲ್ಲ ಅಂದೆ. ನಾನು ಓಡಿಬಂದವಳಲ್ಲ, ಟಿಕೆಟ್ಟಿನಲ್ಲಿ ಬರೆದ ದಿನಕ್ಕೆ ಬರುತ್ತೇನೆ. ಒಂದು ದಿನ ಮೊದಲೂ ಇಲ್ಲ, ಒಂದು ದಿನ ತಡವೂ ಇಲ್ಲ. ನಿಮ್ಮ ಅಳತೆಯ ಉತ್ತರ ಇದು: ಹದ ಇರುವುದು ನನ್ನ ಕೈಯಲ್ಲಿ, ಕೈ ನನ್ನ ಮೈಗೆ ಅಂಟಿಕೊಂಡಿದೆ. ಲಕೋಟೆಯಲ್ಲಿ ಹಾಕಿ ಕಳಿಸುವುದಕ್ಕೆ ಆಗುವುದಿಲ್ಲ. ನಾನು ಬರುವುದರೊಳಗೆ ಬಾಣಲೆ ಮತ್ತು ಒಲೆ ಮುಂದಿನ ಕಿಟಕಿಗೆ ಬರಬೇಕು. ಮೈದುನನ ತೋಳಿನಲ್ಲಿ ಬೇಕಾದಷ್ಟು ಶಕ್ತಿ ಇದೆ, ಎತ್ತಲಿ. ಆ ಬೋರ್ಡು ಇಳಿಸಿ. ಹೊಸದರಲ್ಲಿ ಏನು ಬರೆಸಬೇಕು ಅಂತ ನಾನು ಹೇಳುವುದಿಲ್ಲ, ನಿಜ ಏನೋ ಅದನ್ನು ಬರೆಸಿ. ಆಗುವುದಿಲ್ಲ ಅಂದರೆ ನನ್ನ ಜಪ ದೇವರ ಮನೆಯಲ್ಲಿ ನಡೆಯುತ್ತದೆ, ನಿಮ್ಮ ಬಾಣಲೆ ನಿಮ್ಮ ಜಪಕ್ಕೆ. ಹೆಂಗಸು ಹೀಗೆ ಮಾತಾಡಬಾರದು ಅಂತ ಅತ್ತೆಯವರಿದ್ದಿದ್ದರೆ ಅನ್ನುತ್ತಿದ್ದರು. ಅವರೂ ಆ ಹಿಂದಿನ ಕೋಣೆಯಲ್ಲೇ ಸವೆದವರು, ಈಗ ಮೇಲಿಂದ ತಲೆಯಾಡಿಸುತ್ತಿರಬಹುದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ಸೀಸೆ ಕನ್ನಡಿಯ ಹಿಂದಿದೆ. ದೇವರ ದೀಪ ಆರದ ಹಾಗೆ ನೋಡಿಕೊಳ್ಳಿ. ಮೈದುನನಿಗೆ ಅತ್ತಿಗೆಯ ಆಶೀರ್ವಾದ ತಿಳಿಸಿ, ಜಪ ಮಾಡುವಾಗ ಗೋಡೆಗೆ ಒರಗಬಾರದು ಅಂತಲೂ ಹೇಳಿ. ಭಗವಂತ ನಿಮಗೆ ಆಯುಸ್ಸು ಕೊಡಲಿ, ಒಂದು ನಾಮಕ್ಕೆ ಒಂದು ಉಸಿರು ಬಿಡುವಷ್ಟು ತಾಳ್ಮೆಯನ್ನೂ ಕೊಡಲಿ.

ಇಂತಿ,
ಮೂರು ಮಾಲೆಯವಳು

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮಮ್ಮ ಅಂಗಡಿಗೆ ಬಂದದ್ದು ಒಂದೇ ಸಲ, ನಿಮಗೆ ನೆನಪಿರಲಿಕ್ಕಿಲ್ಲ. ಬಟ್ಟೆಗಂಟು ಹಿಡಿದು ಮುಂದಿನ ಬಾಗಿಲಿಂದ ಬಂದಳು, ಬೆಂಚನ್ನು ತನ್ನ ಸೆರಗಿನಿಂದ ಒರೆಸಿ ಕೂರುವುದಕ್ಕೆ ಹೋದಳು. ನೀವು ಲೋಟದಿಂದ ತಲೆ ಎತ್ತದೆ "ಅವ್ರನ್ನ ಹಿಂದೆ ಕರ್ಕೊಂಡ್ಹೋಗು, ಇಲ್ಲಿ ಗಿರಾಕಿ ಕೂರ್ತಾರೆ" ಅಂದಿರಿ. ಅಮ್ಮ ಮೂಟೆಗಳ ನಡುವೆ ನಿಂತು ಕಾಫಿ ಕುಡಿದಳು. ಕುಡಿದು, "ಎಷ್ಟು ಚೆನ್ನಾಗಿದೆ ಮಗಳೇ, ಯಾರು ಮಾಡಿದ್ದು?" ಅಂದಳು. ಗೋಡೆಯ ಆ ಕಡೆ ಮೇಷ್ಟ್ರು ಕೂತಿದ್ದರು, ನೀವು ಕೂತಿದ್ದಿರಿ. ನಾನು "ಅವರೇ" ಅಂದೆ. "ಅಳಿಯಂದಿರ ಕೈ ತಣ್ಣಗಿರಲಿ" ಅಂತ ಅಮ್ಮ ಹರಸಿದಳು. ಮೂರು ತಿಂಗಳಿಗೆ ಹೋಗಿಬಿಟ್ಟಳು. ಆ ಸುಳ್ಳಿಗೆ ನಾನು ದಿನಾ ದೇವರ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ. ಆದರೆ ಆ ಹರಕೆ ನನ್ನದು, ಅದನ್ನು ವಾಪಸು ಕೊಡಿ. ನಾನು ಬಂದ ದಿನ ಅಮ್ಮ ಒರೆಸಿದ ಆ ಬೆಂಚಿನಲ್ಲಿ ಕೂರುತ್ತೇನೆ. ನೀವು ಒಂದು ಲೋಟ ಕಾಫಿ ತಂದು ನನ್ನ ಮುಂದಿಡಿ. ಮೇಷ್ಟ್ರು ಇರುವ ಹೊತ್ತಿಗೇ ಇಡಿ. ಇಟ್ಟು, ಯಾರು ಮಾಡಿದ್ದು ಅಂತ ಹೇಳಿ.