ಹೆಸರಿನ ಪಕ್ಕದ ಪುಟಸಂಖ್ಯೆ

ಯಲಿಯೂರು,
೯-೨-೧೯೭೪

ಪ್ರೀತಿಯ ಅಪ್ಪನಿಗೆ ನಿನ್ನ ಮಗಳ ನಮಸ್ಕಾರ.

ಮೊಣಕಾಲಿನ ನೋವು ಹೇಗಿದೆ? ಎತ್ತಿನ ಗೊರಸಿನ ಗಾಯ ಮಾಯಿತೆ? ಸಂತೆಯ ದಿನ ನೀನು ಹೇಗೂ ಹಲಗೂರಿಗೆ ಬರುತ್ತೀಯೆಂದು ಕರಿಯಪ್ಪನ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅವ್ವ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಕೋಪ ಒಂದನ್ನು ಬಿಟ್ಟರೆ. ಒಕ್ಕಲು ಮನೆಗಳ ವಂಶಾವಳಿಯ ಪುಸ್ತಕಗಳನ್ನು ಯುಗಾದಿಗೆ ಚಿಕ್ಕಣ್ಣನ ಕೈಗೆ ಕೊಡುತ್ತೇನೆ ಎಂದು ಹೇಳಿ ಹೋದೆಯಲ್ಲ, ಆ ಕೋಪ. ಅವನು ನಿನ್ನ ತಮ್ಮನ ಮಗ, ವಂಶ ಹಾಡುವ ಹೆಳವರ ಮನೆಯ ಗಂಡು, ಕಂಠ ಚೆನ್ನಾಗಿದೆ, ಎಲ್ಲ ಒಪ್ಪಿದೆ. ಆದರೆ ಅವನಿಗೆ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಹೇಳಿ ನೋಡು.

ಗೆದ್ದಲು ಹಿಡಿದ ಆರು ಪುಸ್ತಕಗಳನ್ನು ಹೊಸದಕ್ಕೆ ಇಳಿಸು ಎಂದು ಕೆಲಸ ಕೊಟ್ಟವನು ನೀನೇ. ಇಳಿಸುವಾಗ ಅದರ ಕಷ್ಟ ತಿಳಿಯಿತು. ಒಂದೊಂದು ವಂಶದ ಮೂಲಪುರುಷ ಅದರ ಮೊದಲ ಪುಟದಲ್ಲಿದ್ದಾನೆ, ಅವನ ಮಕ್ಕಳು ಎರಡನೆಯದರಲ್ಲಿ. ಮೊಮ್ಮಕ್ಕಳು ಹುಟ್ಟಿದಾಗ ಎಲ್ಲಿ ಜಾಗವಿತ್ತೋ ಅಲ್ಲಿ ಸೇರಿದ್ದಾರೆ, ಒಬ್ಬ ನೂರನೇ ಪುಟದಲ್ಲಿ, ಇನ್ನೊಬ್ಬ ಬೇರೆ ಪುಸ್ತಕದಲ್ಲಿ. ಅದಕ್ಕೇ ನೀನು ಯಾರ ಮನೆಗೆ ಹೋದರೂ ಮೂಲಪುರುಷನಿಂದಲೇ ಹಾಡಿಕೊಂಡು ಇಳಿಯಬೇಕು. ನಾನು ಇಳಿಸುವಾಗ ಪ್ರತಿ ಹೆಸರಿನ ಎಡಕ್ಕೆ ಅವನ ಅಪ್ಪ ಇರುವ ಪುಟ, ಬಲಕ್ಕೆ ಅವನ ಮಕ್ಕಳಿರುವ ಪುಟ ಹಾಕಿಕೊಂಡು ಬಂದೆ. ಒಂಬೈನೂರು ಪುಟ, ಬೆರಳೆಲ್ಲ ಶಾಯಿ. ಹುಡುಗಾಟ ಎಂದು ಅವ್ವ ಬೈದಳು.

ಕಳೆದ ಸೋಮವಾರ ಗೆಜ್ಜಲಗೆರೆಯ ಹೊಂಬಾಳಮ್ಮ ಬಂದಿದ್ದಳು. ಮೊಮ್ಮಗಳಿಗೆ ಮಳವಳ್ಳಿ ಕಡೆಯ ಹುಡುಗ ಗೊತ್ತಾಗಿದ್ದಾನೆ. ಎರಡು ಮನೆಗೂ ಮೂಲ ಒಂದೇ, ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ ಎಂದು ಯಾರೋ ಹುಳಿ ಹಿಂಡಿದ್ದಾರೆ. "ಸುಕ್ರವಾರ ಈಳ್ಯ ಕಣವ್ವ, ನಿಮ್ಮಪ್ಪ ಬರಗಂಟ ಕಾಯಕಾಗಕಿಲ್ಲ" ಅಂದಳು. ಚಿಕ್ಕಣ್ಣನನ್ನು ಕರೆಸಿದೆವು. ಅವನು ಮೂಲಪುರುಷನಿಂದ ಶುರು ಮಾಡಿದ. ಐದನೆಯ ಮಗನ ಕವಲು ಹಾಡಿ ಮುಗಿಸಿದನೋ ಇಲ್ಲವೋ ಮರೆತು ಮತ್ತೆ ಮೊದಲಿನಿಂದ ಹಾಡಿದ. ಎರಡು ಸಲ ಹೀಗಾಯಿತು, ಹೊತ್ತು ಮುಳುಗುತ್ತಾ ಬಂತು. ಹೊಂಬಾಳಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು "ಬುಡು ಮಗ, ನನ್ನ ಅಣೇಬರ" ಅಂದಳು.

ಆಗ ನಾನು ಹೊಸ ಪುಸ್ತಕ ತಂದು, ಇಳಿಸಿದ ನೆನಪಿನ ಮೇಲೆ ಹುಡುಗಿಯ ಅಪ್ಪನ ಹೆಸರು ತೆಗೆದೆ. ಎಡಗಡೆಯ ಪುಟಸಂಖ್ಯೆ ಹಿಡಿದು ಮೇಲೆ ಹತ್ತಿದೆ, ಏಳು ತಲೆಮಾರಿಗೆ ಮೂಲ ಸಿಕ್ಕಿತು. ಹುಡುಗನ ಕಡೆಯಿಂದ ಒಂಬತ್ತು ತಲೆಮಾರು. ಮೂಲಪುರುಷರೇ ಬೇರೆ ಬೇರೆ. ಅವ್ವ ಒಲೆಯ ಮೇಲಿಟ್ಟಿದ್ದ ಅನ್ನ ಇನ್ನೂ ಬೆಂದಿರಲಿಲ್ಲ. ಇದು ಮಕ್ಕಳಾಟವಲ್ಲವಲ್ಲ, ಭಯವಾಯಿತು. ಮಂಗಳವಾರ, ಬುಧವಾರ ಎರಡು ದಿನ ಕೂತು ನಿನ್ನ ಹಳೆಯ ರೀತಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಹೆಸರೂ ಬಿಡದೆ ನೋಡಿದೆ. ಅದೇ ಉತ್ತರ ಬಂದ ಮೇಲೆಯೇ ಹೇಳಿ ಕಳಿಸಿದ್ದು. ನಿನ್ನೆ ವೀಳ್ಯಶಾಸ್ತ್ರ ಆಯಿತು. ಹೊಂಬಾಳಮ್ಮ ಎರಡು ಸೇರು ಅವರೆ ಕಳಿಸಿದ್ದಾಳೆ. ತಂದವರ ಕೈಲಿ "ಮುಂದ್ಕೂ ನೀನೇ ಯೋಳ್ತೀಯೇನವ್ವ?" ಎಂದು ಕೇಳಿಸಿದ್ದಳು.

ಮೊಣಕಾಲಿಗೆ ಹರಳೆಣ್ಣೆ ಹಚ್ಚಿಕೊ. ಮಧ್ಯಾಹ್ನದ ಬಿಸಿಲಲ್ಲಿ ಎತ್ತು ಹೊಡೆಯಬೇಡ. ಅವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಮಗಳು,
ಪಟ್ಟಲಮ್ಮ

ಮರೆತಿದ್ದೆ: ಚಿಕ್ಕಣ್ಣ ಬೆಳಿಗ್ಗೆ ಪುಸ್ತಕ ಒಯ್ಯಲು ಈಗಲೇ ಚೀಲ ತಂದಿದ್ದ, ನಾನು ಕೊಡಲಿಲ್ಲ. ಇನ್ನೊಂದು. ನಮ್ಮ ಮನೆಯ ಪುಟದಲ್ಲಿ ನಿನ್ನ ಹೆಸರಿನ ಕೆಳಗೆ, ಗಂಡು ಹುಟ್ಟಲಿಲ್ಲವೆಂದು, ನೀನೇ "ಸಂತಾನವಿಲ್ಲ" ಎಂದು ಬರೆದಿದ್ದೀಯ. ಅದನ್ನು ಹೊಸ ಪುಸ್ತಕಕ್ಕೆ ಇಳಿಸಲು ನನಗೆ ಕೈ ಬರಲಿಲ್ಲ. ಆ ಜಾಗದಲ್ಲಿ ನನ್ನ ಹೆಸರು ಬರೆದು, ಎಡಕ್ಕೆ ನಿನ್ನ ಪುಟ ಹಾಕಿದ್ದೇನೆ. ಹೊಡೆದುಹಾಕುವುದಿದ್ದರೆ ನೀನೇ ಬಂದು, ನನ್ನೆದುರು ಕೂತು ಹೊಡೆದುಹಾಕು.