ನಾನು ಕಿತ್ತ ಫ್ಯೂಸು

ಕಾಪರ್ ಫ್ಲಾಟ್, ನೆವಾಡ
ಭಾನುವಾರ ಮಧ್ಯಾಹ್ನ

ರೊವೀನಾ,

ಈ ಕಾಗದ ಕೈಗೆ ಸಿಕ್ಕಾಗ ನಿನ್ನ ಮನೆಗಾಡಿಯಲ್ಲಿ ಹೀಟರ್ ಉರಿಯುತ್ತಿದ್ದರೆ ಮೊದಲು ಹೋಗಿ ಅದನ್ನು ಆರಿಸು. ಬಾಗಿಲು, ಕಿಟಕಿ ಎಲ್ಲ ತೆರೆದಿಡು. ಉಳಿದದ್ದನ್ನು ಹೊರಗೆ ಕುಳಿತೇ ಓದು. ಚಳಿಯನ್ನು ಬಯ್ಯಬೇಡ, ನನ್ನನ್ನು ಬಯ್ಯಿ.

ನೀನು ಹೊರಟು ಎರಡು ಗಂಟೆಯೂ ಆಗಿರಲಿಲ್ಲ, ನನ್ನ ಟ್ರೇಲರಿನ ಗ್ಯಾಸ್ ಅಲಾರಂ ಕೂಗಿತು. ಒಂದೇ ಸಲ. ನಿಮಿಷ ಬಿಟ್ಟು ಮತ್ತೊಂದು ಸಲ. ಅದರ ಫ್ಯೂಸ್ ಕೀಳಲು ಕೈ ಹಾಕಿದವನು ಹಾಗೇ ನಿಂತೆ. ನಿನ್ನದು ಹೀಗೆ ಕೂಗಿರಲಿಲ್ಲ. ನಾಲ್ಕು ಸಲ ಕೂಗಿ, ಸ್ವಲ್ಪ ತಡೆದು, ಮತ್ತೆ ನಾಲ್ಕು ಸಲ ಕೂಗುತ್ತಿತ್ತು. ಅಲಾರಂ ಮೇಲೆ ಅಂಟಿಸಿದ ಚೀಟಿಯನ್ನು ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಓದಿದೆ. ಒಂದು ಸಲ ಎಂದರೆ ಬ್ಯಾಟರಿ ಇಳಿದಿದೆ. ನಾಲ್ಕು ಸಲ ಎಂದರೆ ವಿಷಗಾಳಿ, ಹೀಟರು ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಮಲಗಿದಲ್ಲೇ ಮುಗಿಸುತ್ತದೆ.

ಕರೆಂಟು, ನೀರು ಯಾವುದೂ ಇಲ್ಲದ ಇಂಥ ಸರ್ಕಾರಿ ಬಯಲಿನಲ್ಲಿ ಮೋಡ ಕವಿದರೆ ಸೋಲಾರ್ ಕೈಕೊಡುತ್ತದೆ, ಬ್ಯಾಟರಿ ಇಳಿದು ಅಲಾರಂ ಕಾಟ ಕೊಡುತ್ತದೆ, ಗಾಡಿಯಲ್ಲೇ ಬದುಕುವ ನಾವು ಹಳಬರು ಅದರ ಫ್ಯೂಸ್ ಕಿತ್ತು ಹಾಯಾಗಿ ನಿದ್ದೆ ಮಾಡುತ್ತೇವೆ. ಗುರುವಾರ ನಿನಗೂ ಅದನ್ನೇ ಮಾಡಿಕೊಟ್ಟೆ. “ಬಿಸಿಲಿಲ್ವಲ್ಲ, ಅದಕ್ಕೆ ಅಳ್ತಾ ಇದೆ ಕಣೇ. ತಡಿ, ಬಾಯಿ ಮುಚ್ಚಿಸ್ತೀನಿ,” ಎಂದೆ. “ಹಾರ್ಲನ್ ಇದ್ದಿದ್ರೆ ಇಡೀ ಪುಸ್ತಕ ತೆಗೆದು ಓದ್ತಾ ಕೂರೋನು. ನೀನೇ ವಾಸಿ ಮಾರಾಯ,” ಎಂದು ನೀನು ನಕ್ಕೆ. ತೀರಿಹೋದ ನಿನ್ನ ಗಂಡನಿಗಿಂತ ವಾಸಿ ಅನ್ನಿಸಿಕೊಂಡು ನಾನು ಉಬ್ಬಿಹೋದೆ.

ಆಮೇಲೆ ದಿನಾ ಬೆಳಿಗ್ಗೆ ನಿನಗೆ ತಲೆನೋವು. “ನಿನ್ನ ಆ ಅಗ್ಗದ ವೈನು ಕಣೋ, ತಲೆ ಒಡೀತಿದೆ,” ಎನ್ನುತ್ತಿದ್ದೆ ನೀನು. ಹೊರಗೆ ಬೆಂಕಿಯ ಬಳಿ ಸ್ವಲ್ಪ ಹೊತ್ತು ಕುಳಿತರೆ ಇಳಿಯುತ್ತಿತ್ತು. ನಿನ್ನ ನಾಯಿ ಟಾಟರ್ ಒಳಗೆ ಬರಲು ಒಲ್ಲದೆ ಮೆಟ್ಟಿಲ ಕೆಳಗೇ ಮಲಗಿತು. “ಏನಪ್ಪಾ, ಹೊಸ ಅಳಿಯನ ಥರ ಮುನಿಸಾ?” ಎಂದು ಅದನ್ನು ಎತ್ತಿ ಒಳಗೆ ಬಿಟ್ಟವನೂ ನಾನೇ. ಎಲ್ಲ ಕಣ್ಣೆದುರೇ ಇತ್ತು.

ಇಲ್ಲಿ ನೀನು ಹೀಟರನ್ನು ತಾಸು ಹೊತ್ತು ಹಚ್ಚಿ ಆರಿಸುತ್ತಿದ್ದೆ. ನೀನು ಹೊರಟ ಮೇಲಿನ ಕಣಿವೆಯಲ್ಲಿ ಇಂದು ಹಿಮ ಬೀಳುತ್ತದೆ ಎಂದು ರೇಡಿಯೊ ಹೇಳುತ್ತಿದೆ. ಅಲ್ಲಿ ಆರಿಸದೆ ಮಲಗುತ್ತೀಯ.

ನನ್ನ ಪಿಕಪ್ ಕೆಟ್ಟು ನಿಂತಿರುವುದು ನಿನಗೆ ಗೊತ್ತು. ಫೋನಿಗೆ ಸಿಗ್ನಲ್ ಸಿಗಬೇಕಾದರೆ ನಲವತ್ತು ಮೈಲಿ ಹೋಗಬೇಕು. ಶೆರಿಫ್‌ಗೆ ಸುದ್ದಿ ಮುಟ್ಟಿಸಲು ಬೇಟೆಗೆ ಬಂದವನೊಬ್ಬನನ್ನು ಕಳಿಸಿದ್ದೇನೆ. ಮೇಲಿನ ಮೂರು ಕ್ಯಾಂಪುಗಳಲ್ಲಿ ನೀನು ಯಾವುದರಲ್ಲಿ ನಿಂತಿದ್ದೀಯೋ ತಿಳಿಯದು. ಅದಕ್ಕೇ ಇದನ್ನೇ ಮೂರು ಸಲ ಬರೆದು, ಆ ಕಡೆ ಹೊರಟ ದಂಪತಿಯ ಕೈಗೆ ಕೊಡುತ್ತಿದ್ದೇನೆ. ಅವರ ಗಾಡಿಯಲ್ಲಿ ನನಗೆ ಜಾಗವಿಲ್ಲ, ಅವರೂ ಮೊದಲ ಕ್ಯಾಂಪಿನವರೆಗೆ ಮಾತ್ರ ಹೋಗುವವರು. ಅಲ್ಲಿಂದ ಮುಂದಕ್ಕೆ ಯಾರಾದರೂ ಒಯ್ದು ನೋಟಿಸ್ ಹಲಗೆಗೆ ಚುಚ್ಚಬೇಕು.

ಇನ್ನೆರಡು ದಿನ ಇರು ಎಂಬ ಮಾತು ಬೆಳಿಗ್ಗೆ ನಾಲಗೆ ತುದಿಗೆ ಬಂದಿತ್ತು. ಹೇಳಲು ನಾಚಿಕೆಯಾಯಿತು. ನೀನು ನನಗೆ ಬೇಕು, ರೊವೀನಾ. ಇಂಥ ಕಾಗದದಲ್ಲಿ ಬರೆಯಬೇಕಾಯಿತಲ್ಲ.

ಇದನ್ನು ಓದುತ್ತಿರುವುದು ನೀನಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಪುಣ್ಯಾತ್ಮರೇ, ಸುತ್ತ ನೋಡಿ. ಹಸಿರು ಪಟ್ಟೆಯ ಬಿಳಿ ಮನೆಗಾಡಿ, ಆರ್‌ವಿ. ಪರದೆ ಎಳೆದಿದ್ದರೆ ಬಾಗಿಲು ತಟ್ಟಬಾರದು ಎಂಬುದು ನಮ್ಮವರ ಮರ್ಯಾದೆ, ಬಲ್ಲೆ. ಇವತ್ತು ಆ ಮರ್ಯಾದೆ ಬೇಡ. ತಟ್ಟಿ. ಉತ್ತರ ಬರದಿದ್ದರೆ ಕಿಟಕಿ ಒಡೆಯಿರಿ. ಹೆಸರು ಹಿಡಿದು ಕೂಗಿ, ಅವಳು ಓಗೊಡುವವರೆಗೆ ಬಿಡಬೇಡಿ.

ನೂರು ವರ್ಷ ಬದುಕು ರೊವೀನಾ, ಬದುಕಿ ನನ್ನನ್ನು ಶಪಿಸು.

ನಿನ್ನ ಬೈಗುಳಕ್ಕೆ ಕಾದಿರುವ
ವರ್ಲಿನ್