ಉಳಿಸಿಕೊಳ್ಳೋ ಮೀಟಿಂಗು

ಬನಶಂಕರಿ ಎರಡನೇ ಹಂತ,
ರಾಮನವಮಿ, ಭಾನುವಾರ

ನನ್ನ ಅಮ್ಮಾ,

ಫೋನ್ ಇರೋವಾಗ ಕಾಗದ ಯಾಕೆ ಅಂತ ಗಾಬರಿ ಆಗ್ಬೇಡ. ಚೆನ್ನಾಗಿದೀನಿ. ಈಗಷ್ಟೇ ಪಕ್ಕದ ಬೀದಿ ಪೆಂಡಾಲ್‌ನಲ್ಲಿ ಪಾನಕ, ಕೋಸಂಬರಿ ತಿಂದು ಬಂದು ಕೂತಿದೀನಿ. ಫೋನಲ್ಲಾದ್ರೆ ನಾನು ಒಂದು ವಾಕ್ಯ ಮುಗಿಸೋದ್ರೊಳಗೆ ನೀನು ನಾಲ್ಕು ಪ್ರಶ್ನೆ ಕೇಳ್ತೀಯ, ನಾನು ‘ಎಲ್ಲಾ ಫೈನ್’ ಅಂತ ಇಟ್ಬಿಡ್ತೀನಿ. ಈ ವಿಷಯ ಹಾಗೆ ಹೇಳೋಕಾಗಲ್ಲ. ಕನ್ನಡದಲ್ಲಿ ತಪ್ಪಿದ್ರೆ ನಕ್ಕೋ, ತಿದ್ದಬೇಡ. ಊಟಿ ಹಾಸ್ಟೆಲ್‌ನಲ್ಲಿ ಅಷ್ಟು ವರ್ಷ ಕನ್ನಡ ಮಾತಾಡಿದ್ರೆ ಫೈನ್ ಹಾಕ್ತಿದ್ರು, ಈಗ ಅದೇ ಕನ್ನಡದಲ್ಲಿ ಐದನೇ ಕ್ಲಾಸಿಗೆ ಗಣಿತ ಹೇಳ್ಕೊಡ್ತಿದೀನಿ!

ವಿಷಯ ಏನಂದ್ರೆ, ನನ್ನನ್ನ ಕೋರ್ಸಿಂದ ತೆಗೆಯೋ ಹಾಗಿದ್ರು. ನಿಂಗೆ ಹೇಳಿರಲಿಲ್ಲ.

ಡಿಗ್ರಿ, ಬಿ.ಎಡ್. ಎರಡೂ ಸೇರಿ ನಾಲ್ಕು ವರ್ಷ ಅಂತ ಗೊತ್ತಲ್ಲ. ಸೇರೋವಾಗ ಪರೀಕ್ಷೆ, ಸಂದರ್ಶನ ಎಲ್ಲಾ ಪಾಸಾದೆ, ನೀನು ಬ್ಯಾಂಕಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದೆ. ಆದ್ರೆ ಇಲ್ಲಿ ಸೇರಿದ್ರೆ ಮುಗೀತು ಅಂತಲ್ಲ. ಮೊದಲ ವರ್ಷದ ಕೊನೆಗೆ ಒಂದು ಮೀಟಿಂಗ್ ಮಾಡ್ತಾರೆ. ಕಾಲೇಜಿನ ಮೇಷ್ಟ್ರುಗಳು, ಜೊತೆಗೆ ನಾವು ಪಾಠ ಮಾಡಿದ ಸ್ಕೂಲಿನ ಹೆಡ್ ಮೇಡಂ. ನೀನು ಮೇಷ್ಟ್ರಾಗೋ ಥರ ಇದ್ದೀಯಾ ಇಲ್ವಾ ಅಂತ ನೋಡಿ, ಇಲ್ಲ ಅನ್ನಿಸಿದ್ರೆ ಬರೀ ಬಿ.ಎಸ್ಸಿ.ಗೆ ಕಳಿಸ್ತಾರೆ. ಮಾರ್ಕ್ಸ್ ಎಷ್ಟೇ ಇರ್ಲಿ. ಸುಮೇಧಂಗೆ ಹೇಳಿದ್ದಕ್ಕೆ, ಏನೇ ಇದು, ನಾನು ಎಂಜಿನಿಯರಿಂಗಲ್ಲಿ ಗಣಿತ ಎರಡು ಸಲ ಡುಮ್ಕಿ ಹೊಡೆದ್ರೂ ಯಾರೂ ನೀನು ಎಂಜಿನಿಯರ್ ಆಗೋ ಥರ ಇದ್ದೀಯಾ ಅಂತ ಕೇಳಲಿಲ್ಲ, ನಿಮ್ದೇನು ಇಷ್ಟು ಬಿಲ್ಡಪ್ಪು ಅಂತ ನಕ್ಕ. ದೊಡ್ಡಮ್ಮನ ಮಗ ಅಂತ ಬಿಟ್ಟೆ.

ನಂಗೆ ಹಾಕಿದ್ದು ಹೊಸಕೆರೆಹಳ್ಳಿ ಹತ್ರದ ಸರ್ಕಾರಿ ಶಾಲೆ. ಮೊದಲನೇ ದಿನ ಹಾಜರಿ ಪಟ್ಟಿ ಕೈಗೆ ಕೊಟ್ರು. ನಾನು ಹೆಸರು ಓದಲೇ ಇಲ್ಲ, ನಂಬರ್ ಕೂಗಿದೆ. ಬೋರ್ಡಿಗೆ ಕರೆಯೋವಾಗಲೂ ನಂಬರ್ ಏಳು ಬಾ, ನಂಬರ್ ಹದಿನೈದು ಸರಿಯಾಗಿ ಕೂತ್ಕೋ. ಅಮ್ಮ, ಇದು ನಿನ್ನ ಮೇಲೆ ದೂರಲ್ಲ. ನಿಂಗೆ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್, ಹಾಸ್ಟೆಲ್ ಬಿಟ್ಟು ಬೇರೆ ದಾರಿ ಇರಲಿಲ್ಲ. ನಾನು ಅಲ್ಲಿ ಅರವತ್ತೆರಡು. ತಟ್ಟೆ ಮೇಲೆ, ಟವೆಲ್ ಮೇಲೆ, ವಾರ್ಡನ್ ಬಾಯಲ್ಲಿ. ನಂಗದರಲ್ಲಿ ಬೇಜಾರೂ ಇರಲಿಲ್ಲ. ಕ್ಲಾಸ್ ಅಂದ್ರೆ ಹಾಗೇ ಅನ್ಕೊಂಡಿದ್ದೆ.

ಮಕ್ಕಳಿಗೆ ಸಖತ್ ಖುಷಿ ಬೇರೆ. ಸೀನು ಅಂತ ಒಬ್ಬ ಇದಾನೆ, ತಾನು ಕ್ರಿಕೆಟ್ ಆಡೋನು, ತನ್ನ ಹೀರೋ ಜೆರ್ಸಿ ನಂಬರ್ ಹದಿನೆಂಟೇ ಬೇಕು ಮಿಸ್ ಅಂತ ಗಂಟು ಬಿದ್ದ. ಹದಿನೆಂಟು ರಮ್ಯ ಅನ್ನೋ ಹುಡುಗೀದು. ಅವಳಿಗೆ ಒಂದು ಹೊಸ ರಬ್ಬರು, ಅರ್ಧ ಚಿಕ್ಕಿ ಕೊಟ್ಟು ವ್ಯಾಪಾರ ಮಾಡೋಕೆ ಹೋದ. ಅವಳು ಮಾತಾಡದೆ ಚಿಕ್ಕಿ ತಿಂದಳು, ನಂಬರ್ ಮಾತ್ರ ಕೊಡಲಿಲ್ಲ. ಮೋಸ ಮಿಸ್, ಮೋಸ ಅಂತ ಇವನ ಗಲಾಟೆ. ನಾನು ಪಾಠ ಚೆನ್ನಾಗಿ ಹೋಗ್ತಿದೆ ಅನ್ಕೊಂಡೆ.

ಚಿದಾನಂದ್ ಸಾರ್, ಕಾಲೇಜಲ್ಲಿ ನಮಗೆ ಗಣಿತ ಬೋಧನೆ ಹೇಳ್ಕೊಡೋರು, ಒಂದು ದಿನ ಬಂದು ಹಿಂದಿನ ಬೆಂಚಲ್ಲಿ ಮಕ್ಕಳ ಜೊತೆ ಕೂತು ನೋಡಿದ್ರು. ಆಮೇಲೆ ಕಾಫಿ ಕೊಡಿಸ್ತಾ, ಕಿಟಕಿ ಪಕ್ಕ ಕೂತಿರೋ ಹುಡುಗಿ ಹೆಸರೇನಮ್ಮ ಅಂತ ಕೇಳಿದ್ರು. ಹದಿನೆಂಟು ಸಾರ್ ಅಂದೆ. ಅವರು ಕಾಫಿ ಆರಿಸೋದು ನಿಲ್ಲಿಸಿ ನನ್ನ ಮುಖ ನೋಡಿದ್ರು. ಬೈಯಲಿಲ್ಲ. ಪಾಠ ಅಚ್ಚುಕಟ್ಟಾಗಿದೆ, ಆದ್ರೆ ನೀನು ಇನ್ನೂ ಮಕ್ಕಳನ್ನ ನೋಡಿಲ್ಲ, ನಿನ್ನನ್ನ ಇಟ್ಕೋಬೇಕಾ ಅಂತ ಮೀಟಿಂಗಲ್ಲಿ ಮಾತಾಡಬೇಕಾಗುತ್ತೆ ಅಂದ್ರು. ಅವತ್ತು ಬಸ್ಸಲ್ಲಿ ಅತ್ತುಕೊಂಡು ಬನಶಂಕರಿಯಲ್ಲಿ ಇಳಿಯದೆ ಜೆ.ಪಿ. ನಗರಕ್ಕೆ ಹೋಗ್ಬಿಟ್ಟಿದ್ದೆ. ನೀನು ಫೋನ್ ಮಾಡಿದಾಗ ನೆಗಡಿ ಅಂದೆನಲ್ಲ, ಅದೇ ದಿನ.

ಆಮೇಲೆ ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋಗೋದು ಬಿಟ್ಟೆ. ಮಕ್ಕಳ ಸಾಲಲ್ಲೇ ಕೂತು ಬಿಸಿಯೂಟ ತಿನ್ನೋಕೆ ಶುರು ಮಾಡಿದೆ. ಸಾಂಬಾರ್ ಚೆನ್ನಾಗಿರುತ್ತೆ, ನಿಜವಾಗ್ಲೂ. ಸೀನು ಅಜ್ಜಿ ಬನಶಂಕರಿ ದೇವಸ್ಥಾನದ ಹತ್ರ ಹೂವು ಮಾರ್ತಾರೆ, ಅವನು ಕಣ್ಣು ಮುಚ್ಕೊಂಡು ಮೊಳ ಅಳೀತಾನೆ. ಸಿದ್ದರಾಜುಗೆ ಕತ್ತಲು ಅಂದ್ರೆ ಭಯ, ಆದ್ರೆ ತಮ್ಮಂಗೆ ಹೇಳಬಾರದು. ನಾನು ಬೋರ್ಡಲ್ಲಿ ‘ಮೂರು ಬೈ ನಾಲ್ಕು’ ಅಂತ ಹೇಳ್ತಿದ್ರೆ ಇಡೀ ಕ್ಲಾಸು ಬಿದ್ದು ಬಿದ್ದು ನಗೋದು ಯಾಕೆ ಅಂತ ಅವನೇ ಹೇಳಿದ್ದು. ಮಿಸ್, ಅದು ಮುಕ್ಕಾಲು ಮಿಸ್, ನಿಮ್ಮನ್ನ ಅಂಗಡಿಗೆ ಕಳಿಸಿದ್ರೆ ಅಷ್ಟೇ ಅಂದ. ಮಾರನೇ ದಿನ ಮುಕ್ಕಾಲು ಅಂತ ನಾನು ಹೇಳಿದಾಗ ಚಪ್ಪಾಳೆ ಹೊಡೆದ್ರು ಅಮ್ಮ.

ಶುಕ್ರವಾರ ಮೀಟಿಂಗು, ಜಯನಗರದ ಕಾಲೇಜಲ್ಲಿ. ಸ್ಕೂಲಿನ ಹೆಡ್ ಮೇಡಂ ಸಿದ್ದಗಂಗಮ್ಮನವರು ವ್ಯಾನಿಟಿ ಬ್ಯಾಗ್ ತೊಡೆ ಮೇಲಿಟ್ಕೊಂಡು ಕೂತಿದ್ರು. ನಿಮ್ಮ ಕ್ಲಾಸಿನ ಮಕ್ಕಳ ಬಗ್ಗೆ ಹಾಜರಿ ಪುಸ್ತಕದಲ್ಲಿ ಇಲ್ಲದ ಏನಾದ್ರೂ ಹೇಳಿ ಅಂದ್ರು ಸಾರ್. ನಾನು ಶುರು ಮಾಡಿದೆ ನೋಡು, ನಿಲ್ಲಿಸೋಕೇ ಆಗಲಿಲ್ಲ. ಚಿಕ್ಕಿ ವ್ಯಾಪಾರ ಕೇಳಿ ಹೆಡ್ ಮೇಡಂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆಗ ಸಾರ್ ಮೆಲ್ಲಗೆ, ಸರಿ, ಹದಿನೆಂಟು ಅಂದ್ರು.

ಏನಾದ್ರೂ ಹೇಳಬಹುದಿತ್ತು. ಅಕ್ಷರ ದುಂಡಗಿದೆ, ಶಾಂತ ಸ್ವಭಾವ, ಹೀಗೆ. ಬಾಯಿವರೆಗೂ ಬಂದಿತ್ತು. ಆದ್ರೆ ನಾನು, ರಮ್ಯ ಸಾರ್, ಹೆಸರೊಂದು ಬಿಟ್ರೆ ನಂಗೇನೂ ಗೊತ್ತಿಲ್ಲ, ಪಕ್ಕದಲ್ಲೇ ಊಟಕ್ಕೆ ಕೂತ್ರೂ ಮಾತಾಡಲ್ಲ, ನಾನು ನೋಡಿದ್ರೆ ಅನ್ನ ನೋಡ್ತಾಳೆ ಅಂದೆ. ಮುಗೀತು ಅನ್ಕೊಂಡೆ. ಸಿದ್ದಗಂಗಮ್ಮನವರು ಮಾತ್ರ, ನಂಗೂ ಗೊತ್ತಿಲ್ಲ ಕಣಮ್ಮ, ಒಂದನೇ ಕ್ಲಾಸಿಂದ ನೋಡ್ತಿದೀನಿ ಅಂದ್ರು.

ಹೊರಗೆ ಕೂರಿಸಿದ್ರು. ಕಾರಿಡಾರಲ್ಲಿ ಉಗುರೆಲ್ಲಾ ಕಚ್ಚಿ ಮುಗಿಸಿದೆ. ಒಳಗೆ ಕರೆದು ಸಾರ್ ಹೇಳಿದ್ದು ಇಷ್ಟೇ. ಉಳಿಸಿಕೊಂಡಿದೀವಿ.

ಅಮ್ಮ, ನಾನು ಉಳಿದೆ! ಅಪ್ಪಂಗೂ ಓದಿ ಹೇಳು.

ಒಂದು ಷರತ್ತಿದೆ. ಶಾಲೆಯಲ್ಲಿ ಬೇಸಿಗೆ ರಜೇಲಿ ಪಾಠದಲ್ಲಿ ಹಿಂದುಳಿದ ಮಕ್ಕಳಿಗೆ ಬೆಳಗಿನ ಕ್ಲಾಸ್ ಇರುತ್ತೆ, ಅದನ್ನ ನಾನು ತಗೋಬೇಕು. ಹಾಗಾಗಿ ಮೇ ಕೊನೆವರೆಗೂ ಅರಸೀಕೆರೆಗೆ ಬರೋಕಾಗಲ್ಲ. ನೀನು ರಜಾ ಹಾಕಿದೀಯ, ನನ್ನ ರೂಮಿಗೆ ಬಣ್ಣ ಹೊಡೆಸಿದೀಯ, ಗೊತ್ತು. ಇಷ್ಟು ವರ್ಷ ನಮಗೆ ಸಿಕ್ಕಿದ್ದೆಲ್ಲಾ ತುಂಡು ತುಂಡು ರಜೆ, ಇದೊಂದಾದ್ರೂ ಪೂರ್ತಿ ಸಿಗುತ್ತೆ ಅಂತ ನೀನು ಹೇಳಿದ್ದೂ ನೆನಪಿದೆ. ನೀನೇ ಬಾ. ತ್ಯಾಗರಾಜನಗರದಲ್ಲಿ ಚಿಕ್ಕಮ್ಮನ ಮನೇಲಿ ಇರು. ಹತ್ತು ಗಂಟೆಗೆ ಕ್ಲಾಸ್ ಮುಗಿಯುತ್ತೆ, ಆಮೇಲೆ ಇಡೀ ದಿನ ನಿಂದೇ. ಜಯನಗರ ಫೋರ್ತ್ ಬ್ಲಾಕಲ್ಲಿ ಸುತ್ತೋಣ, ನೀನು ಚೌಕಾಸಿ ಮಾಡು, ನಾನು ಬ್ಯಾಗ್ ಹಿಡ್ಕೋತೀನಿ.

ಇನ್ನೂ ಮೂರು ವರ್ಷ ಇಲ್ಲೇ ಇರಲಿರುವ ನಿನ್ನ ಮಗಳು,
ಸಮನ್ವಿತಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಷರತ್ತು ಅವರು ಹಾಕಿದ್ದಲ್ಲ. ಉಳಿಸಿಕೊಂಡಿದೀವಿ, ಆರಾಮಾಗಿ ಊರಿಗೆ ಹೋಗಿ ಬಾ ಅಂದ್ರು. ರಜೆ ಕ್ಲಾಸಿಗೆ ರಮ್ಯ ಬರ್ತಾಳಾ ಅಂತ ಕೇಳಿದ್ದು ನಾನು. ಬರ್ತಾಳೆ ಅಂದ್ರು ಹೆಡ್ ಮೇಡಂ. ಹಾಗಾದ್ರೆ ನಾನೂ ಬರ್ತೀನಿ ಅಂದ್ಬಿಟ್ಟೆ. ಕಾಲೇಜಿನವರ ತಲೆ ಮೇಲೆ ಹಾಕಿದ್ರೆ ನಿಂಗೆ ಬೇಜಾರು ಕಡಿಮೆ ಅನ್ಕೊಂಡಿದ್ದೆ. ಕೋಪ ಬಂದ್ರೆ ಬೈಯಮ್ಮ. ಫೋನಲ್ಲಿ ಬೇಡ, ಬಂದು ಬೈಯಿ.